ಜೋಳಿಗೆಯ ಬೇಡಿಕೆ, ಅಂಗಳದ ಪ್ರತಿಜ್ಞೆ

ವ್ಯಸನವಿಮೋಚನೆಗಾಗಿ ನಮ್ಮ ನಾಡಿನಲ್ಲಿ ನಡೆದಿರುವ ಪ್ರಯತ್ನಗಳಲ್ಲಿ, ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1970ರ ದಶಕದಲ್ಲಿ ಕೈಗೊಂಡ ಜೋಳಿಗೆಯ ಕಾರ್ಯದಷ್ಟು ಸ್ವೋಪಜ್ಞವಾದುದು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಜಂಗಮನು ಜೋಳಿಗೆ ಹಿಡಿದು ಬಾಗಿಲಿಗೆ ಬಂದಾಗ ಕಾಳನ್ನೋ ಕಾಣಿಕೆಯನ್ನೋ ನೀಡುವುದು ಬಹುಕಾಲದ ರೂಢಿ. ಸ್ವಾಮಿಗಳಾದರೋ ಅದೇ ಜೋಳಿಗೆಯನ್ನೊಡ್ಡಿ, ನಿಮ್ಮ ದುಶ್ಚಟವನ್ನು ಇದರೊಳಗೆ ಹಾಕಿರೆಂದು ಬೇಡಿದರು. ಬೀಡಿಯ ಕಟ್ಟುಗಳೂ ಗುಟ್ಕಾದ ಪೊಟ್ಟಣಗಳೂ ಅದರೊಳಗೆ ಬಿದ್ದುವು. ಉಪದೇಶಕನ ಮುಂದೆ ವ್ಯಸನಿಯು ಅಪರಾಧಿಯಾಗಿ ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಬೇಡುವವನ ಮುಂದೆ ಅವನೇ ದಾನಿ. ಊರೆಲ್ಲ ಕುಡುಕನೆಂದು ಹಳಿದು ದೂರವಿಟ್ಟವನಿಗೆ, ಕೊಡುವವನ ಘನತೆಯನ್ನು ಒಂದು ಗಳಿಗೆಯ ಮಟ್ಟಿಗಾದರೂ ದೊರಕಿಸಿಕೊಟ್ಟುದರಲ್ಲಿ ಈ ಪದ್ಧತಿಯ ಸತ್ತ್ವವೆಲ್ಲ ಅಡಗಿದೆ.

1930ರಲ್ಲಿ ಜನಿಸಿ 2018ರಲ್ಲಿ ಲಿಂಗೈಕ್ಯರಾದ ಆ ಸ್ವಾಮಿಗಳ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿರುವುದು ಯೋಗ್ಯವೇ ಸರಿ. ಆದರೆ ಪ್ರಾಯಸ್ಥರನ್ನು ಕುರಿತು ಹುಟ್ಟಿದ ಒಂದು ಸಾಧನೆ, ಹದಿಮೂರರಿಂದ ಹದಿನೆಂಟರ ನಡುವಣ ಬಾಲಕ ಬಾಲಕಿಯರ ಮುಂದೆ ವಾರ್ಷಿಕ ವಿಧಿಯಾಗಿ ಬಂದು ನಿಂತಾಗ ಎಷ್ಟರಮಟ್ಟಿಗೆ ಫಲಿಸುತ್ತದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಆ ವಿಧಿಯ ಸ್ವರೂಪವು ಎಲ್ಲರಿಗೂ ಪರಿಚಿತವಾದುದೇ. ಆಗಸ್ಟ್ 1ರಂದೋ, ಮಾದಕವಸ್ತುಗಳ ವಿರುದ್ಧದ ಅಂತರರಾಷ್ಟ್ರೀಯ ದಿನವಾದ ಜೂನ್ 26ರಂದೋ ಪ್ರೌಢಶಾಲೆಯ ಅಂಗಳದಲ್ಲಿ ಮಕ್ಕಳು ತರಗತಿವಾರು ಸಾಲುಗಟ್ಟಿ ನಿಲ್ಲುತ್ತಾರೆ, ಅತಿಥಿಗಳು ಕಪ್ಪಿಟ್ಟ ಶ್ವಾಸಕೋಶದ ಚಿತ್ರಪಟವನ್ನು ತೋರಿಸಿ ಭಯ ಹುಟ್ಟಿಸುತ್ತಾರೆ, ಪಿ.ಟಿ. ಮೇಷ್ಟ್ರು ಮೈಕಿನಲ್ಲಿ ಹೇಳಿಕೊಟ್ಟ ಪ್ರತಿಜ್ಞೆಯನ್ನು ಎಲ್ಲರೂ ಬಲಗೈ ಚಾಚಿ ಒಕ್ಕೊರಲಿನಿಂದ ಪುನರುಚ್ಚರಿಸುತ್ತಾರೆ. ಫೋಟೋ ತೆಗೆಯಲ್ಪಡುತ್ತದೆ, ವರದಿ ಮೇಲಿನ ಕಚೇರಿಗೆ ಹೋಗುತ್ತದೆ. ಕರವಸ್ತ್ರಕ್ಕೆ ಪಂಕ್ಚರಿನ ಸಲ್ಯೂಷನ್ ಸವರಿ ಮೂಸುವ ಅಭ್ಯಾಸಕ್ಕೆ ಬಿದ್ದ ಹುಡುಗನೊಬ್ಬನು ಹಿಂದಿನ ಸಾಲಿನಲ್ಲಿದ್ದರೆ, ಅವನ ಕೈಯೂ ಉಳಿದವರ ಕೈಗಳಷ್ಟೇ ನೇರವಾಗಿ ಚಾಚಿರುತ್ತದೆ. ಜೋಳಿಗೆಯು ಒಬ್ಬೊಬ್ಬನೆದುರಿಗೆ ನಿಂತು, ಅವನ ಜೇಬಿನಲ್ಲಿದ್ದ ವಸ್ತುವನ್ನೇ ಕೇಳುತ್ತಿತ್ತು. ಸಾಮೂಹಿಕ ಪ್ರತಿಜ್ಞೆಯು ಎಲ್ಲರನ್ನೂ ಏಕಕಾಲದಲ್ಲಿ ಕೇಳುವುದರಿಂದ ಯಾರನ್ನೂ ಕೇಳಿದಂತಾಗುವುದಿಲ್ಲ.

ಬರಿಯ ಬೋಧನೆಯ ದೌರ್ಬಲ್ಯವು ಅನ್ಯದೇಶಗಳಲ್ಲಿಯೂ ಪರೀಕ್ಷಿತವಾಗಿದೆ. 1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಆರಂಭವಾಗಿ, ಪೊಲೀಸರೇ ತರಗತಿಗೆ ಬಂದು ಬೇಡವೆನ್ನುವುದನ್ನು ಕಲಿಸುತ್ತಿದ್ದ ಡೇರ್ ಎಂಬ ಕಾರ್ಯಕ್ರಮವು ಆ ದೇಶದ ಉದ್ದಗಲಕ್ಕೂ ಹಬ್ಬಿತಾದರೂ, ಅದರ ಮೂಲಪಾಠಕ್ರಮವನ್ನು ತೂಗಿನೋಡಿದ ಸಂಶೋಧಕರು ಮಕ್ಕಳ ಮಾದಕಸೇವನೆಯ ಮೇಲೆ ಅದರ ಪರಿಣಾಮ ಅತ್ಯಲ್ಪವೆಂದು 1990ರ ದಶಕದಲ್ಲಿಯೇ ಕಂಡುಕೊಂಡರು. ಇದಕ್ಕೆ ಕಾರಣವನ್ನು ಹದಿಹರೆಯದ ಸ್ವಭಾವದಲ್ಲಿಯೇ ಅರಸಬೇಕು. ದೂರದ ಫಲಾಫಲಗಳನ್ನು ತೂಗಿ ಆವೇಗಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗವು ಇಪ್ಪತ್ತರ ದಶಕದ ನಡುವಿನ ವಯಸ್ಸಿನವರೆಗೂ ಪಕ್ವವಾಗುತ್ತಲೇ ಇರುವುದರಿಂದ, ನಲವತ್ತನೆಯ ವಯಸ್ಸಿನ ಯಕೃತ್ತಿನ ರೋಗವು ಹದಿನೈದರ ಹುಡುಗನಿಗೆ ಪುರಾಣದ ನರಕದಷ್ಟೇ ದೂರ. ಇಂದು ಸಂಜೆ ಗೆಳೆಯರು ನಕ್ಕಾರೆಂಬ ಭೀತಿಯಾದರೋ ಅತಿ ಸಮೀಪ.

ಎಳೆಯರ ವ್ಯಸನವು ದೊಡ್ಡವರ ವ್ಯಸನದ ಕಿರಿಯ ಪ್ರತಿಯೂ ಅಲ್ಲ. ದೆಹಲಿಯ ಏಮ್ಸ್ ಸಂಸ್ಥೆಯು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಪ್ರಾಯಸ್ಥರಿಗಿಂತ ಮಕ್ಕಳಲ್ಲಿಯೇ ಹೆಚ್ಚು ಬಳಕೆಯಾಗುವ ಮಾದಕವರ್ಗ ಒಂದೇ ಒಂದು: ಮೂಸುವ ದ್ರವ್ಯಗಳು. ಪ್ರಾಯಸ್ಥರಲ್ಲಿ ಅದರ ಪ್ರಮಾಣ ಶೇಕಡಾ 0.58 ಆಗಿದ್ದರೆ, ಮಕ್ಕಳಲ್ಲಿ ಶೇಕಡಾ 1.17. ವೈಟ್ನರು, ಸಲ್ಯೂಷನ್ನು, ಪೆಟ್ರೋಲುಗಳು ಸ್ಟೇಷನರಿ ಅಂಗಡಿಯಲ್ಲಿಯೂ ಸೈಕಲ್ ಷಾಪಿನಲ್ಲಿಯೂ ನಿರ್ದೋಷವಾದ ವಸ್ತುಗಳಾಗಿ ಕುಳಿತಿರುತ್ತವೆ. ಮದ್ಯವನ್ನೂ ಗಾಂಜಾವನ್ನೂ ಮಾತ್ರ ಶತ್ರುವೆಂದು ಹೆಸರಿಸುವ ಪ್ರತಿಜ್ಞೆಯ ದೃಷ್ಟಿಗೆ ಅವು ಬೀಳುವುದೇ ಇಲ್ಲ.

ಆದುದರಿಂದ ಮೊದಲ ಕರ್ತವ್ಯವು ಗುರುತಿಸುವುದು. ಇದೇ ನಮ್ಮಲ್ಲಿ ತೀರ ಉಪೇಕ್ಷಿತವಾದ ಭಾಗ. ಮುಖ ಸಿಡುಕಾಗುವುದು, ಬಾಗಿಲು ಹಾಕಿಕೊಂಡು ಕೂಡುವುದು, ತಡವಾಗಿ ಏಳುವುದು ಇವೆಲ್ಲ ಪ್ರಾಯಧರ್ಮವೂ ಆಗಿರಬಹುದು. ಇವುಗಳಲ್ಲೊಂದನ್ನೇ ಹಿಡಿದು ಮಗನನ್ನು ವ್ಯಸನಿಯೆಂದು ನಿರ್ಣಯಿಸುವುದು ಅನ್ಯಾಯ. ಆದರೆ ಹಾಜರಿ ಇಳಿದು, ಹಳೆಯ ಗೆಳೆಯರು ಮಾಯವಾಗಿ, ಮನೆಯ ಹಣ ಕಾಣೆಯಾಗತೊಡಗಿ, ಅಂಗಿಯ ತೋಳಿನಲ್ಲಿ ರಾಸಾಯನಿಕದ ವಾಸನೆಯೋ ತುಟಿಯ ಸುತ್ತ ಕಜ್ಜಿಯೋ ಕಂಡು, ಮೊನ್ನೆಯವರೆಗೂ ಪ್ರಾಣವಾಗಿದ್ದ ಕಬಡ್ಡಿಯ ಮೇಲೂ ಆಸಕ್ತಿ ಹೋಗಿದ್ದರೆ, ಆ ಬದಲಾವಣೆಗಳ ಕೂಟವನ್ನು ಅಲಕ್ಷಿಸತಕ್ಕುದಲ್ಲ. ಅಮೆರಿಕದ ಬಾಸ್ಟನ್ನಿನ ಮಕ್ಕಳ ವೈದ್ಯರು ಹದಿಹರೆಯದವರಿಗಾಗಿಯೇ ರೂಪಿಸಿದ ಆರು ಪ್ರಶ್ನೆಗಳ ಒಂದು ಕ್ರಮವುಂಟು. ಅಮಲೇರಿದವನು ನಡೆಸುವ ವಾಹನದಲ್ಲಿ ಕುಳಿತದ್ದುಂಟೆ, ಬೇಸರ ಕಳೆಯಲೆಂದು ಸೇವಿಸುವುದುಂಟೆ, ಒಂಟಿಯಾಗಿ ಸೇವಿಸುವುದುಂಟೆ, ಆಗ ನಡೆದುದು ಮರೆತುಹೋಗುವುದುಂಟೆ, ಮನೆಯವರೋ ಮಿತ್ರರೋ ಕಡಿಮೆಮಾಡೆಂದದ್ದುಂಟೆ, ಅದರಿಂದ ತೊಂದರೆಗೆ ಸಿಕ್ಕಿಕೊಂಡದ್ದುಂಟೆ ಎಂದು ಏಕಾಂತದಲ್ಲಿ, ಆಪಾದನೆಯ ದನಿಯಿಲ್ಲದೆ ಕೇಳುತ್ತಾರೆ. ಎರಡಕ್ಕೆ ಹೌದೆಂಬ ಉತ್ತರ ಬಂದರೆ ತಜ್ಞರಿಂದ ವಿವರವಾದ ಪರೀಕ್ಷೆ ಆಗತಕ್ಕದ್ದು. ಬಾಗಿಲಿಗೆ ಬಂದ ಜೋಳಿಗೆಯ ವಿನಯಕ್ಕೆ ಅಂಗಳದ ಪ್ರತಿಜ್ಞೆಗಿಂತ ಈ ಪ್ರಶ್ನಾಕ್ರಮವೇ ಹತ್ತಿರದ್ದು.

ಇನ್ನು ಚೇತರಿಕೆಯ ವಿಷಯ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ನಾಡಿನಾದ್ಯಂತ ನಡೆದುಬಂದಿರುವ ಮದ್ಯವರ್ಜನ ಶಿಬಿರಗಳನ್ನು ಇಲ್ಲಿ ಸ್ಮರಿಸದೆ ಇರಲಾಗದು. ಊರಿನ ಸಭಾಭವನದಲ್ಲಿ ಎಂಟು ದಿನ ಒಟ್ಟಿಗೆ ಉಳಿದು, ಭಜನೆ, ಯೋಗ, ಸಮಾಲೋಚನೆಗಳಲ್ಲಿ ತೊಡಗಿದ ಶಿಬಿರಾರ್ಥಿಗಳು ಬಳಿಕ ನವಜೀವನ ಸಮಿತಿಯ ಸದಸ್ಯರಾಗಿ ಮತ್ತೆ ಮತ್ತೆ ಕೂಡುತ್ತಾರೆ. ನೂರು ದಿನ ತುಂಬಿದಾಗ ಶತದಿನೋತ್ಸವವೆಂದು ಕುಟುಂಬದೊಡನೆ ಸಂಭ್ರಮಿಸುತ್ತಾರೆ. ಎಂಟು ದಿನಗಳಿಗಿಂತ ಅವುಗಳ ತರುವಾಯದ ಈ ಒಡನಾಟವೇ ಹೆಚ್ಚು ಬೆಲೆಯುಳ್ಳದ್ದೆಂಬುದು ನಮ್ಮ ಅಭಿಪ್ರಾಯ. ಆದರೆ ಸಂಸಾರಭಾರ ಹೊತ್ತ ಗೃಹಸ್ಥನಿಗೆ ಒದಗುವ ಈ ವ್ಯವಸ್ಥೆಯೊಳಕ್ಕೆ ಒಂಬತ್ತನೆಯ ತರಗತಿಯ ಹುಡುಗನನ್ನು ತಂದು ಕೂರಿಸುವುದು ಉಚಿತವಲ್ಲ. ಮೂವತ್ತು ವರ್ಷ ಕುಡಿದವರ ಆತ್ಮಕಥನವು ಅವನಿಗೆ ತನ್ನ ಕಥೆಯಾಗಿ ಕೇಳಿಸದು. ನಾನು ಇಷ್ಟು ಕೆಟ್ಟಿಲ್ಲವಲ್ಲ ಎಂಬ ಸಮಾಧಾನವನ್ನೇ ತಂದೀತು. ಅವನಿಗೆ ಬೇಕಾದುದು ಓರಗೆಯವರ ಗುಂಪು, ತಪ್ಪಿಹೋದ ಪಾಠವನ್ನು ತುಂಬಿಕೊಡುವ ಶಿಕ್ಷಕ, ಸಂಜೆಯ ಬರಿದಾದ ಹೊತ್ತಿಗೊಂದು ಆಟ, ಮತ್ತು ವ್ಯಸನದ ಅಡಿಯಲ್ಲಿ ಖಿನ್ನತೆಯೋ ಮನೆಯ ಹಿಂಸೆಯೋ ಇದೆಯೇ ಎಂದು ನೋಡಬಲ್ಲ ವೈದ್ಯ.

ಪ್ರತಿಜ್ಞಾಪದ್ಧತಿಯ ಅತ್ಯಂತ ಗಂಭೀರವಾದ ದೋಷವು ಪ್ರಕಟವಾಗುವುದು ಮರುಕಳಿಕೆಯ ಸಂದರ್ಭದಲ್ಲಿ. ವ್ಯಸನವು ಮರುಕಳಿಸುವ ಸ್ವಭಾವದ ರೋಗವೆಂಬುದು ವೈದ್ಯಶಾಸ್ತ್ರದ ನಿಲುವು. ಮಧುಮೇಹಿಯ ಸಕ್ಕರೆ ಏರಿದಾಗ ಔಷಧವನ್ನು ಬದಲಿಸುತ್ತೇವೆಯೇ ಹೊರತು ಅವನನ್ನು ವಚನಭ್ರಷ್ಟನೆಂದು ನಿಂದಿಸುವುದಿಲ್ಲ. ಆಣೆಯಿಟ್ಟು ಎಡವಿದ ಬಾಲಕನಾದರೋ, ಬಿದ್ದುದನ್ನು ಹೇಳಿಕೊಂಡರೆ ಆಣೆ ಮುರಿದವನಾಗುವನಾದ್ದರಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ; ಆ ಮೌನದಲ್ಲಿಯೇ ರೋಗವು ಬೇರೂರುತ್ತದೆ. ಇದರೊಡನೆ ಪೊಲೀಸರ ಭಯವೂ ಸೇರುತ್ತದೆ. 1985ರ ಮಾದಕವಸ್ತು ಕಾಯಿದೆಯ 64ಎ ವಿಧಿಯು, ಸೇವನೆಯ ಅಥವಾ ಅಲ್ಪಪ್ರಮಾಣದ ಆರೋಪವನ್ನೆದುರಿಸುವ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಗೆ ಬಂದು ಚಿಕಿತ್ಸೆಯನ್ನು ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. 2015ರ ಬಾಲನ್ಯಾಯ ಕಾಯಿದೆಯ 77ನೆಯ ವಿಧಿಯು ಮಗುವಿಗೆ ಮಾದಕಪದಾರ್ಥವನ್ನು ಕೊಟ್ಟವನಿಗೆ ಏಳು ವರ್ಷಗಳವರೆಗಿನ ಕಠಿಣ ಕಾರಾವಾಸವನ್ನು ವಿಧಿಸುತ್ತದೆ. ಅಂಗಳದ ಭಾಷಣಗಳಲ್ಲಿ ಶಿಕ್ಷೆಯ ಮಾತು ಬಂದಷ್ಟು ಸಲ ರಕ್ಷಣೆಯ ಮಾತೂ ಬರಬೇಕಾಗಿತ್ತು.

ಒಟ್ಟಿನಲ್ಲಿ ಹೇಳುವುದಾದರೆ, ಜೋಳಿಗೆಯು ಮಹತ್ತ್ವದ ಸಾಧನೆ. ಅದರ ಹೆಸರಿನಲ್ಲಿ ಶಾಲೆಗಳಲ್ಲಿ ನಡೆಯುವ ಒಕ್ಕೊರಲ ಪ್ರತಿಜ್ಞೆಯು ಅದರ ಛಾಯೆ ಮಾತ್ರ. ಆಚರಣೆಯ ಆ ಒಂದು ಗಂಟೆಯನ್ನು ಉಳಿಸಿ, ಪ್ರತಿ ಶಾಲೆಯಲ್ಲಿಯೂ ಮಕ್ಕಳು ನಂಬಬಹುದಾದ ಒಬ್ಬ ಶಿಕ್ಷಕರನ್ನೋ ಶಿಕ್ಷಕಿಯನ್ನೋ ತರಬೇತುಗೊಳಿಸಿ, ವರ್ಷವಿಡೀ ಅವರ ಬಾಗಿಲು ತೆರೆದಿರುವಂತೆ ಮಾಡಿದರೆ ಸ್ವಾಮಿಗಳ ಸ್ಮರಣೆಗೆ ಹೆಚ್ಚಿನ ನ್ಯಾಯ ಸಂದೀತು. ಮಗನಲ್ಲೋ ಮಗಳಲ್ಲೋ ಮೇಲೆ ಹೇಳಿದಂಥ ಬದಲಾವಣೆಗಳನ್ನು ಕಂಡ ತಂದೆತಾಯಿಗಳು ಆಣೆ ಹಾಕಿಸುವುದಕ್ಕೆ ಮುಂಚೆ ಕುಳಿತು ಕೇಳಲಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೋ, ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೋ ಫೋನು ಮಾಡಲಿ. ಎರಡಕ್ಕೂ ಶುಲ್ಕವಿಲ್ಲ.