ದತ್ತಣ್ಣ ಮೇಜಿನ ಆ ಬದಿಗೆ ಕೂತರೆ

ನಮ್ಮ ಸಿನಿಮಾಗಳಲ್ಲಿ ಹಿರಿಯ ನಟರಿಗೆ ಸಿಗುವ ಪಾತ್ರಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಮಕ್ಕಳು ಕೈಬಿಟ್ಟ ತಂದೆ, ಊರಿನ ಮರ್ಯಾದಸ್ಥ ಹಿರಿಯ, ಕಚೇರಿ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ಬಡಪಾಯಿ. ಸರಕಾರಿ ಕಾಗದಪತ್ರಗಳ ಕರಾಳ ಲೋಕವನ್ನು ಕುರಿತು ಕನ್ನಡದಲ್ಲೊಂದು ವಿಡಂಬನೆಯ ಚಿತ್ರ ಬರುವುದಾದರೆ ದತ್ತಣ್ಣನವರಿಗೆ ಯಾವ ಪಾತ್ರ ಕೊಡಬೇಕು? ದುರ್ಗದಬೈಲಿನಲ್ಲಿ ಗಿರ್ಮಿಟ್ಟು ತಿನ್ನುತ್ತ ಸಿನಿಮಾ ಮಾತಾಡುವ ನಮ್ಮಂಥವರಿಗೆ ತಟ್ಟನೆ ಹೊಳೆಯುವುದು ಅರ್ಜಿದಾರನ ಪಾತ್ರವೇ. ಆದರೆ ಅವರು ಕೂರಬೇಕಾದದ್ದು ಮೇಜಿನ ಆ ಬದಿಗೆ ಎಂಬುದು ನಮ್ಮ ವಾದ.

ಅರ್ಜಿದಾರನ ಪಾತ್ರವನ್ನು ಕನ್ನಡ ಈಗಾಗಲೇ ಕಂಡಿದೆ. ಪೂರ್ಣಚಂದ್ರ ತೇಜಸ್ವಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ 'ತಬರನ ಕಥೆ' 1986ರ ಸಾಲಿನ ಸ್ವರ್ಣಕಮಲ ಪಡೆಯಿತು. ತಬರನಾದ ಚಾರುಹಾಸನ್ ಆ ಸಾಲಿನ ಶ್ರೇಷ್ಠ ನಟರಾದರು. ಪುರಸಭೆಯಲ್ಲಿ ನಿಷ್ಠೆಯಿಂದ ದುಡಿದವನ ಪಿಂಚಣಿ ಕಡತಗಳಲ್ಲಿ ಸಿಕ್ಕಿಕೊಂಡಿರುವಾಗ ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಈ ಬದಿಯಿಂದ ಹೇಳುವುದು ಕಷ್ಟ. ಆದರೆ ಚಿತ್ರ ನೋಡಿದ ನಾವು ತಬರನಿಗಾಗಿ ಅತ್ತು, ಹಗುರಾಗಿ ಮನೆಗೆ ಬಂದೆವು. ಅವನ ಕಡತ ತಡೆದವರಲ್ಲಿ ನಮ್ಮಂಥ ಸಜ್ಜನರೂ ಇದ್ದರಲ್ಲ ಎಂಬ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲ.

ಟೆರಿ ಗಿಲಿಯಮ್ ಅವರ 'ಬ್ರೆಜಿಲ್' (1985) ಈ ಪ್ರಶ್ನೆಗೆ ಕೈಹಾಕಿತ್ತು. ಯಂತ್ರದೊಳಗೆ ಒಂದು ನೊಣ ಬಿದ್ದು ಹೆಸರಿನ ಮೊದಲಕ್ಷರ ಬದಲಾಗುತ್ತದೆ. 'ಟಟಲ್' ಬದಲಿಗೆ 'ಬಟಲ್' ಎಂಬ ನಿರಪರಾಧಿಯನ್ನು ಎಳೆದೊಯ್ಯುತ್ತಾರೆ. ಆ ಚಿತ್ರದಲ್ಲಿ ಜನರನ್ನು ಹಿಂಸಿಸುವ ಅಧಿಕಾರಿ ಯಾರು? ನಗುಮೊಗದ ಸಂಸಾರಸ್ಥ, ನಾಯಕನ ಹಳೆಯ ಗೆಳೆಯ. ಆ ಪಾತ್ರಕ್ಕೆ ಗಿಲಿಯಮ್ ಆರಿಸಿದ್ದು ಹಾಸ್ಯನಟ ಮೈಕೆಲ್ ಪೇಲಿನ್ ಅವರನ್ನು. ಭಯ ಹುಟ್ಟುವುದೇ ಆ ಸೌಜನ್ಯದಿಂದ.

ಹೆಸರಿನ ಒಂದಕ್ಷರ ಎಂದರೆ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಉರ್ದು ಶಾಲೆಯ ದಾಖಲೆಯಲ್ಲಿ ಅಬ್ದುಲ್ ಖಾದರ್ ಆದವನು ಪಡಿತರ ಚೀಟಿಯಲ್ಲಿ ಕಾದರಸಾಬ ಆಗುತ್ತಾನೆ, ಆಧಾರಿನಲ್ಲಿ ಮತ್ತೊಂದಾಗುತ್ತಾನೆ. ಉರ್ದುವಿನ ಒಂದು ಅಕ್ಷರ ಕನ್ನಡಕ್ಕೂ ಇಂಗ್ಲಿಷಿಗೂ ದಾಟುವಾಗ ರೂಪ ಬದಲಿಸುವುದು ಸಹಜ. ಆದರೆ ಕಾಗದದ ಲೋಕಕ್ಕೆ ಅವರು ಮೂವರು ಬೇರೆ ಬೇರೆ ಮನುಷ್ಯರು. ಹೊಸಮನಿ ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬ ಗೊಂದಲ ನಮ್ಮ ಭಾಗದ ಹಿಂದೂ ನೆರೆಯವರಿಗೂ ತಪ್ಪಿದ್ದಲ್ಲ.

ಈಗ ನಮ್ಮ ಕಲ್ಪನೆಯ ಚಿತ್ರಕ್ಕೆ ಬರೋಣ. ದುರ್ಗದಬೈಲಿನ ಮುದುಕನೊಬ್ಬ ತಾನು ತಾನೇ ಎಂದು ರುಜುವಾತು ಮಾಡಲು ಕಚೇರಿಗೆ ಬಂದಿದ್ದಾನೆ. ದತ್ತಣ್ಣ ಎದ್ದು ಕುರ್ಚಿ ತೋರಿಸುತ್ತಾರೆ, ಚಹಾ ತರಿಸುತ್ತಾರೆ. ಲಂಚ ಮುಟ್ಟುವವರಲ್ಲ. "ನೀವು ಹೇಳುತ್ತಿರುವುದು ನಿಜವೆಂದು ನನಗೆ ಗೊತ್ತು ಯಜಮಾನರೇ, ಆದರೆ ಕಂಪ್ಯೂಟರ್ ಒಪ್ಪುತ್ತಿಲ್ಲ" ಎನ್ನುತ್ತಾರೆ. ಮುದುಕ ಕೇಳುತ್ತಾನೆ: "ಹಂಗಾರ ನಾ ಯಾರ್ರೀ ಸಾಹೇಬ್ರ?" ಅವರ ಬಳಿ ಉತ್ತರವಿಲ್ಲ, ಇನ್ನೊಂದು ನಮೂನೆಯಿದೆ.

ದತ್ತಣ್ಣನವರೇ ಏಕೆ? ಚಿತ್ರದುರ್ಗದಲ್ಲಿ ಹುಟ್ಟಿದ ಎಚ್.ಜಿ. ದತ್ತಾತ್ರೇಯ ಸಿನಿಮಾದಲ್ಲಿ ಹೆಸರಾಗುವ ಮುನ್ನ ಎರಡು ದಶಕಕ್ಕೂ ಹೆಚ್ಚು ಕಾಲ ವಾಯುಪಡೆಯಲ್ಲಿದ್ದವರು. ಶಿಸ್ತು ಅವರ ಮೈಯಲ್ಲೇ ಇದೆ. ಬೊಳುವಾರರ ಕತೆಯಿಂದ ಮೂಡಿದ, ಪಿ. ಶೇಷಾದ್ರಿ ನಿರ್ದೇಶನದ 'ಮುನ್ನುಡಿ'ಗಾಗಿ (2000) ಶ್ರೇಷ್ಠ ಪೋಷಕ ನಟ ರಾಷ್ಟ್ರಪ್ರಶಸ್ತಿ ಪಡೆದರು. 'ಮೌನಿ', 'ಭಾರತ್ ಸ್ಟೋರ್ಸ್' ಚಿತ್ರಗಳ ಅಭಿನಯವೂ ರಾಷ್ಟ್ರಮಟ್ಟದಲ್ಲಿ ಗುರುತಿಸಲ್ಪಟ್ಟಿತು. ಈ ಮುಖವನ್ನು ಪ್ರೇಕ್ಷಕ ಮರುಮಾತಿಲ್ಲದೆ ನಂಬುತ್ತಾನೆ. ಆ ನಂಬಿಕೆಯೇ ಚಿತ್ರದ ಬಂಡವಾಳವಾಗಬೇಕು. ಅವರ ತಿದ್ದಿದ ಕನ್ನಡದೆದುರು ಮುದುಕನ ಹುಬ್ಬಳ್ಳಿ ಮಾತು ತಡವರಿಸಬೇಕು. ಮುದುಕನ ಪಾತ್ರಕ್ಕೆ ನಮ್ಮ ಭಾಗದ ನಾಟಕ ಕಂಪನಿಯ ಕಲಾವಿದರೊಬ್ಬರು ಸಾಕು.

ಒಳ್ಳೆಯ ಅಧಿಕಾರಿಯನ್ನು ತೋರಿಸಿದರೆ ವ್ಯವಸ್ಥೆಗೆ ಕ್ಷಮಾಪತ್ರ ಕೊಟ್ಟಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗುವುದು ತಿರುಗಾಮುರುಗಾ. ಲಂಚಕೋರನಿದ್ದರೆ ಅವನನ್ನು ವರ್ಗ ಮಾಡಿ ನೆಮ್ಮದಿಯಾಗಬಹುದು. ಸಜ್ಜನನೇ ಕೂತಿದ್ದೂ ಮನುಷ್ಯ ಅಳಿಸಿಹೋಗುತ್ತಾನೆಂದರೆ ಯಾರನ್ನು ವರ್ಗ ಮಾಡುವುದು? ಎದುರಿಗಿರುವ ಜೀವಕ್ಕಿಂತ ಕಾಗದವೇ ಹೆಚ್ಚು ನಿಜವೆಂದು ಒಪ್ಪಿಕೊಂಡವರು ಆ ಒಬ್ಬ ಅಧಿಕಾರಿ ಮಾತ್ರವೇ?

ಎಂಬತ್ತು ದಾಟಿದ ಈ ನಟನಿಗೆ ಕನ್ನಡ ಚಿತ್ರರಂಗ ಇನ್ನೂ ಒಂದು ದೊಡ್ಡ ಪಾತ್ರದ ಸಾಲ ಉಳಿಸಿಕೊಂಡಿದೆ. ಅದನ್ನು ತೀರಿಸುವ ನಿರ್ದೇಶಕರು ಕತೆಗಾಗಿ ದೂರ ಹೋಗಬೇಕಿಲ್ಲ, ಯಾವುದೇ ಕಚೇರಿಯ ಸರದಿಯಲ್ಲಿ ಒಂದು ಮುಂಜಾನೆ ನಿಂತರೆ ಸಾಕು.