ಫ್ರಿಜ್ಜಿಗೆ ಸ್ಪೈಕ್ ಗಾರ್ಡ್: ಯೋಗ್ಯತೆ ಮೀರಿದ ಹೆಸರು

ಅಡುಗೆಮನೆಯಲ್ಲಿ ಜಾಗ ಸಾಲದೆ ಹಾಲಿಗೆ ಬಂದ ಫ್ರಿಜ್ಜಿಗೆ ನಮ್ಮ ಬಾಡಿಗೆ ಮನೆಗಳು ಕಂಡುಕೊಂಡ ಪರಿಹಾರ ಸ್ಪೈಕ್ ಗಾರ್ಡ್ ಎಂಬ ಎಕ್ಸ್‌ಟೆನ್ಷನ್ ಬೋರ್ಡ್. ಅದಕ್ಕಿರುವ ಸುರಕ್ಷತೆಯ ಹೆಸರು ತೀರಾ ಅತಿಯಾಯಿತು. ಅದು ತಡೆಯುವುದು ಕ್ಷಣಮಾತ್ರದ ವೋಲ್ಟೇಜ್ ಏರಿಕೆಯನ್ನು. ಬೇಸಿಗೆಯಲ್ಲಿ ಕಂಪ್ರೆಸರನ್ನು ಕಾಡುವ ಲೋ ವೋಲ್ಟೇಜಿಗೆ ಅದರಲ್ಲಿ ಮದ್ದಿಲ್ಲ.

ಇಂಥ ಬೋರ್ಡುಗಳ ಬೆನ್ನ ಮೇಲಿನ ಬರಹವನ್ನೇ ಓದಿ: 10 ಆಂಪ್, 250 ವೋಲ್ಟ್, 2500 ವ್ಯಾಟ್. ಇದು ಒಂದೊಂದು ಸಾಕೆಟ್ಟಿನ ಲೆಕ್ಕವಲ್ಲ, ಎಲ್ಲ ಸೇರಿ. ನಮ್ಮ ಮನೆಗೆ ಬರುವುದು 230 ವೋಲ್ಟ್. ಆಗ ಅದು 2300 ವ್ಯಾಟ್. ಬೋರ್ಡಿನ ಪ್ಲಗ್ಗು ಗೋಡೆಯ 6 ಆಂಪ್ ಸಾಕೆಟ್ಟಿಗೆ ಹೋದರೆ ಮಿತಿ 1380ಕ್ಕೆ ಇಳಿಯುತ್ತದೆ. ಪಕ್ಕದಲ್ಲೇ 2000 ವ್ಯಾಟಿನ ಇಂಡಕ್ಷನ್ ಒಲೆ ಹಾಕಿದರೆ ಆ ಮಿತಿ ಅಲ್ಲೇ ಮುರಿಯಿತು. ಬೆನ್ನ ಮೇಲಿನ ಬರಹ ಗೋಡೆಯ ಪರವಾಗಿ ಯಾವ ಭರವಸೆಯನ್ನೂ ಕೊಡಲಾರದು.

ವ್ಯಾಟ್ ಲೆಕ್ಕದವರೊಂದಿಗೆ ನನ್ನ ಜಗಳ ಇಲ್ಲಿಯೇ. "ಫ್ರಿಜ್ಜು ಎಳೆಯುವುದು ಇನ್ನೂರು ವ್ಯಾಟ್, ಅದಕ್ಕೇಕೆ ಇಷ್ಟು ಗಾಬರಿ?" ಎನ್ನುತ್ತಾರೆ. ಅವರ ಕೂಡಿಕೆ ಸರಿ, ತೀರ್ಮಾನ ತಪ್ಪು. ಓಡುವಾಗ ಒಂದು ಆಂಪ್ ಆಸುಪಾಸು ಸಾಕೆನ್ನುವ ಸಾಮಾನ್ಯ ಕಂಪ್ರೆಸರ್, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ದಿನವಿಡೀ ಮತ್ತೆ ಮತ್ತೆ ಶುರುವಾಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿದ್ದರೆ ಆ ಶಾಖವೆಲ್ಲ ಅಲ್ಲೇ ಕೂರುತ್ತದೆ. ಪಿನ್ನಿನ ಬುಡ ಕಂದಾಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು ಅದರಿಂದಲೇ. ಅರ್ಥಿಂಗಿನ ಮಾತಂತೂ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸಿದ ಮನೆಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಫ್ರಿಜ್ಜಿನ ಬಾಗಿಲು ತೆಗೆಯುವವರ ಜೀವ ಯಾವ ವ್ಯಾಟಿನ ಲೆಕ್ಕಕ್ಕೆ ಸೇರುತ್ತದೆ?

"ಎಕ್ಸ್‌ಟೆನ್ಷನ್ ಬೇಡವೇ ಬೇಡ" ಎಂದು ಕಂಪನಿಗಳ ಕೈಪಿಡಿ ಹೇಳುವುದು ನಿಜ. ಆದರೆ ಬಾಡಿಗೆದಾರರಿಗೆ ಅದು ದಾರಿ ತೋರಿಸುವುದಿಲ್ಲ. ತಾತ್ಕಾಲಿಕವಾಗಿ ಬಳಸಲೇಬೇಕಾದರೆ ಐಎಸ್ಐ ಗುರುತಿನ, ಅರ್ಥ್ ಇರುವ, ಕನಿಷ್ಠ 1.5 ಚದರ ಮಿ.ಮೀ. ತಾಮ್ರದ ಮೂರೆಳೆಯ ಗಿಡ್ಡ ವೈರ್ ಇರಲಿ. ಅದನ್ನು ಸುರುಳಿ ಸುತ್ತಬೇಡಿ, ಚಾಪೆಯಡಿ ಹಾಯಿಸಬೇಡಿ, ಫ್ರಿಜ್ಜಿನ ಜೊತೆ ಬೇರೇನನ್ನೂ ಹಾಕಬೇಡಿ.

ಮನೆ ಮಾಲೀಕರೇ, ಫ್ರಿಜ್ಜಿಡುವ ಜಾಗದಲ್ಲಿ ಅರ್ಥಿಂಗ್ ಸರಿಯಿರುವ ಪ್ರತ್ಯೇಕ ಸಾಕೆಟ್ ಹಾಕಿಸಿಕೊಡಿ. ಅದು ನಿಮ್ಮ ಹೊಣೆ.