ಲೀಲಾವತಿಯ ಲೆಕ್ಕ, ಗೆಜ್ಜೆಯ ಲೆಕ್ಕ

ಅಬ್ಬಿಗೇರಿಯಂಥ ನಮ್ಮ ಊರುಗಳಲ್ಲಿ ಶಾಲೆಯ ಗ್ಯಾದರಿಂಗಿನಲ್ಲಿ ಕುಣಿದ ಹುಡುಗಿಯನ್ನು ಎಲ್ಲರೂ ಮೆಚ್ಚುತ್ತಾರೆ. ಅದೇ ಹುಡುಗಿ ಗಣಿತ ಓದುತ್ತೇನೆಂದರೆ, ‘ನಿನಗ್ಯಾಕವ್ವಾ ಅದು’ ಎನ್ನುವವರು ಇನ್ನೂ ಇದ್ದಾರೆ. ಕುಣಿತ ಬೇರೆ, ಲೆಕ್ಕ ಬೇರೆ ಎಂಬ ಈ ನಂಬಿಕೆಯನ್ನು ಅಲುಗಿಸಿದ ನೃತ್ಯವೊಂದಿದೆ. ಅದು ಮದ್ರಾಸಿನಲ್ಲಿದ್ದ ಚಂದ್ರಲೇಖಾ (1928–2006) ಅವರು 1989ರಲ್ಲಿ ಸಂಯೋಜಿಸಿದ ‘ಲೀಲಾವತಿ’.

ಭಾಸ್ಕರಾಚಾರ್ಯ 1150ರಲ್ಲಿ ಬರೆದ ಗಣಿತಗ್ರಂಥವೇ ಅದಕ್ಕೆ ಆಧಾರ. ಆತ ನಮ್ಮ ವಿಜಯಪುರದ ಕಡೆಯವನೆಂದು ಹೇಳುವವರುಂಟು. ಮಗಳ ಆಭರಣದ ಮುತ್ತು ಗಳಿಗೆ ಬಟ್ಟಲಿಗೆ ಬಿದ್ದು, ತೂತು ಮುಚ್ಚಿ, ಮದುವೆಯ ಮುಹೂರ್ತ ತಪ್ಪಿತಂತೆ. ಅವಳ ಸಮಾಧಾನಕ್ಕೆ ತಂದೆ ಈ ಪುಸ್ತಕ ಬರೆದನಂತೆ. 1587ರ ಫೈಜಿಯ ಫಾರಸಿ ಅನುವಾದದಿಂದ ಹಬ್ಬಿದ ಈ ಕಥೆಯ ಬಗ್ಗೆ ನನ್ನದೊಂದು ತಕರಾರಿದೆ. ಗಂಡ ಸಿಗದವಳಿಗೆ ಗಣಿತವೇ? ಭಾಸ್ಕರನ ಪದ್ಯಗಳಲ್ಲಿ ಇಂಥ ಕನಿಕರವಿಲ್ಲ. ಜಾಣ ಬಾಲೆಯನ್ನು ಎದುರಿಗೆ ಕೂಡಿಸಿ ಪ್ರಶ್ನೆ ಕೇಳುವ ಸಲಿಗೆಯಿದೆ. ದೇವರ ಕಥೆ, ನಾಯಕಿಯ ವಿರಹಗಳನ್ನು ಬಿಟ್ಟು ಈ ಒಗಟುಗಳನ್ನೇ ಭರತನಾಟ್ಯಕ್ಕೆ ತಂದದ್ದು ಚಂದ್ರಲೇಖಾರ ದಿಟ್ಟತನ.

ಗ್ರಂಥದ ಒಂದು ಲೆಕ್ಕ ನೋಡಿ. 9 ಮೊಳದ ಕಂಬದ ಮೇಲೆ ನವಿಲು, ಬುಡದಲ್ಲಿ ಹಾವಿನ ಬಿಲ. 27 ಮೊಳ ದೂರದಿಂದ ಹಾವು ಬಿಲದತ್ತ ಬರುತ್ತಿದೆ. ನವಿಲು ಓರೆಯಾಗಿ ಎರಗುತ್ತದೆ. ಎರಡರ ವೇಗವೂ ಸಮ. ಎಲ್ಲಿ ಕೂಡುತ್ತವೆ? ಬಿಲದಿಂದ 12 ಮೊಳದಲ್ಲಿ. ಅಷ್ಟರಲ್ಲಿ ಎರಡೂ 15 ಮೊಳ ಬಂದಿರುತ್ತವೆ.

ಇದನ್ನು ಕುಣಿಯುವುದು ಹೇಗೆ? ಮಯೂರ ಹಸ್ತ ಹಿಡಿದರೆ ನವಿಲು ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ. ವಿಜ್ಞಾನವನ್ನು ಕುಣಿಯಹೊರಟವರು ಸೋಲುವುದು ಇಲ್ಲಿಯೇ. ಒಬ್ಬಳು ಓರೆಗೆರೆಯಲ್ಲಿ, ಇನ್ನೊಬ್ಬಳು ನೇರಗೆರೆಯಲ್ಲಿ, ಒಂದೇ ಅಳತೆಯ 15 ಹೆಜ್ಜೆಯಿಟ್ಟು ಒಂದೇ ಪೆಟ್ಟಿಗೆ ಕೂಡಿದರೆ, ‘ವೇಗ ಸಮ’ ಎಂಬ ಮಾತು ಕಣ್ಣಿಗೂ ಕಿವಿಗೂ ತಿಳಿಯುತ್ತದೆ. ಆದರೆ ಆ 12 ಹೇಗೆ ಬಂತೆಂದು ಗೆಜ್ಜೆ ಹೇಳಲಾರದು. ಅದಕ್ಕೆ ಪಾಟಿ, ಬಳಪವೇ ಬೇಕು.

ಹಾಗಾದರೆ ನೃತ್ಯದಿಂದೇನು ಲಾಭ? ಪ್ರಶ್ನೆಯ ಅಂಜಿಕೆ ಹೋಗುತ್ತದೆ, ಅದೇ ದೊಡ್ಡದು. ತಿಶ್ರದ 3, ಖಂಡದ 5 ಎರಡೂ 15ಕ್ಕೆ ಕೂಡುವುದನ್ನು ತಾಳ ತಪ್ಪದೆ ಕಾಲಿನಲ್ಲಿ ಕಂಡುಕೊಂಡ ಹುಡುಗಿಗೆ, ಲ.ಸಾ.ಅ. ತಲೆಗೆ ಹತ್ತುವುದಿಲ್ಲವೆಂದು ಯಾವ ಬಾಯಿಂದ ಹೇಳುವುದು?